ಸ್ಟೆಪ್ಪರ್ ಮೋಟಾರಿನ ಎರಡು ‘ಹೋಮ್’ಗಳನ್ನು ಹೊಂದಿಸುವ ಬಗೆ

ಸಿಎನ್‌ಸಿ ಯಂತ್ರವನ್ನೋ ತ್ರೀಡಿ ಪ್ರಿಂಟರನ್ನೋ ಮೊದಲ ಸಲ ಕಟ್ಟುವವರಿಗೆ ‘ಹೋಮ್’ ಎಂಬ ಪದ ಗೊಂದಲ ತರುತ್ತದೆ. ಯಂತ್ರದ ಹೋಮ್ ಎಂದರೆ ಲಿಮಿಟ್ ಸ್ವಿಚ್ ಒತ್ತುವ ಜಾಗ. ಡ್ರೈವರಿನ ಹೋಮ್ ಎಂದರೆ ಮೋಟಾರಿನ ಎರಡೂ ಸುರುಳಿಗಳಲ್ಲಿ ಸಮನಾಗಿ ಕರೆಂಟ್ ಹರಿಯುವ 45 ಡಿಗ್ರಿ ವಿದ್ಯುತ್ ಕೋನ. ಮೊದಲನೆಯದು ಒಂದೇ ಕಡೆ ಇದ್ದರೂ ಪ್ರತಿ ಸಲ ಕೂದಲೆಳೆಯಷ್ಟು ಅತ್ತಿತ್ತ ಆಗುತ್ತದೆ. ಎರಡನೆಯದು ಕರಾರುವಾಕ್ಕಾದರೂ ಒಂದು ಸುತ್ತಿನಲ್ಲಿ 50 ಸಲ ಬರುತ್ತದೆ. ಗಡಿಯಾರದ ಚಿಕ್ಕ ಮುಳ್ಳು, ದೊಡ್ಡ ಮುಳ್ಳುಗಳಂತೆ ಎರಡನ್ನೂ ಸೇರಿಸಿ ಓದಿದರೇ ಸರಿಯಾದ ವೇಳೆ ಸಿಗುವುದು.

ಬೇಕಾದವು: ಆರ್ಡುಯಿನೊ ಉನೊ, ಎ4988 ಡ್ರೈವರ್, 1.8 ಡಿಗ್ರಿಯ ಮೋಟಾರ್, 20 ಹಲ್ಲಿನ ಜಿಟಿ2 ಪುಲ್ಲಿ ಮತ್ತು ಬೆಲ್ಟ್, ಲಿಮಿಟ್ ಸ್ವಿಚ್.

ಹಂತ 1: ಲೆಕ್ಕ ಹಾಕಿ. ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ. ನಾಲ್ಕು ಹೆಜ್ಜೆ ಸೇರಿದರೆ 360 ಡಿಗ್ರಿಯ ಒಂದು ವಿದ್ಯುತ್ ಆವರ್ತ. ಹೆಜ್ಜೆಯನ್ನು 16 ಭಾಗ ಮಾಡಿದರೆ ಆವರ್ತಕ್ಕೆ 64 ಕಿರುಹೆಜ್ಜೆ, ಒಂದೊಂದೂ 5.625 ಡಿಗ್ರಿ. ಈ ಪುಲ್ಲಿಯಲ್ಲಿ ಒಂದು ಆವರ್ತಕ್ಕೆ ಬೆಲ್ಟ್ 0.8 ಮಿ.ಮೀ. ಸರಿಯುತ್ತದೆ.

ಹಂತ 2: ವೈರಿಂಗ್ ಮಾಡಿ. ಹೆಜ್ಜೆ 16 ಭಾಗವಾಗಲು ಡ್ರೈವರಿನ ಎಂಎಸ್1, ಎಂಎಸ್2, ಎಂಎಸ್3 ಪಿನ್ ಮೂರನ್ನೂ 5 ವೋಲ್ಟ್‌ಗೆ ಕೊಡಿ. ಸ್ಲೀಪ್ ಪಿನ್ನನ್ನೂ ಅಲ್ಲಿಗೇ ಸೇರಿಸಿ. ರೀಸೆಟ್ ಪಿನ್ನನ್ನು ಆರ್ಡುಯಿನೊಗೆ ಜೋಡಿಸಿ. ಪವರ್ ಇರುವಾಗ ಮೋಟಾರಿನ ವೈರನ್ನು ಎಂದಿಗೂ ಕೀಳಬೇಡಿ, ಡ್ರೈವರ್ ಸುಟ್ಟುಹೋಗುತ್ತದೆ.

ಹಂತ 3: ಎಣಿಕೆಯನ್ನು ಸೊನ್ನೆ ಮಾಡಿ. ರೀಸೆಟ್ ಪಿನ್ನನ್ನು ಕ್ಷಣಕಾಲ ಲೋ ಮಾಡಿ ಮತ್ತೆ ಹೈ ಮಾಡಿ. ಡ್ರೈವರ್ 45 ಡಿಗ್ರಿಗೆ ಮರಳುತ್ತದೆ, ಮೋಟಾರ್ ಹತ್ತಿರದ ಹೋಮ್‌ಗೆ ಟಕ್ಕನೆ ಕೂರುತ್ತದೆ. ಪ್ರೋಗ್ರಾಮಿನ ಎಣಿಕೆಯನ್ನೂ ಆಗಲೇ 0 ಮಾಡಿ.

ಹಂತ 4: ಡ್ರೈವರಿಗೆ ಕೊಡುವ ಒಂದು ಪಲ್ಸನ್ನೂ ಬಿಡದೆ ಎಣಿಸಿ. ಮುಂದಕ್ಕೆ ಹೋದರೆ ಒಂದು ಕೂಡಿಸಿ, ಹಿಂದಕ್ಕೆ ಬಂದರೆ ಒಂದು ಕಳೆಯಿರಿ. 63 ಆದ ಮೇಲೆ 0; 0ಯಿಂದ ಹಿಂದೆ ಸರಿದರೆ 63. ಎನೇಬಲ್ ಪಿನ್ ಆಫ್ ಇದ್ದರೂ ಡ್ರೈವರ್ ಒಳಗೊಳಗೇ ಪಲ್ಸ್ ಎಣಿಸುತ್ತಿರುತ್ತದೆ ಎಂಬುದು ನೆನಪಿರಲಿ. ಸ್ಲೀಪ್‌ನಿಂದ ಎದ್ದರೆ ಅದು ಮತ್ತೆ ಹೋಮ್‌ನಿಂದಲೇ ಶುರುಮಾಡುತ್ತದೆ. ಆಗ ನಿಮ್ಮ ಎಣಿಕೆಯೂ 0 ಆಗಬೇಕು.

ಹಂತ 5: ಸ್ವಿಚ್ಚನ್ನು ಪರೀಕ್ಷಿಸಿ. ಒಂದೇ ದಿಕ್ಕಿನಿಂದ ನಿಧಾನವಾಗಿ ಹತ್ತು ಸಲ ಸ್ವಿಚ್ ಮುಟ್ಟಿಸಿ, ಪ್ರತಿ ಸಲದ ಎಣಿಕೆ ಬರೆದುಕೊಳ್ಳಿ. ಉದಾಹರಣೆಗೆ, ಅವೆಲ್ಲ 20ರಿಂದ 24ರೊಳಗೆ ಬಂದರೆ ಸ್ವಿಚ್ ಒಳ್ಳೆಯದು. 63 ಮತ್ತು 0 ನೆರೆಹೊರೆಯ ಸಂಖ್ಯೆಗಳು. ಅವು ದೂರ ಇವೆ ಎಂದುಕೊಳ್ಳಬೇಡಿ. ಎಣಿಕೆ ಎಲ್ಲೆಂದರಲ್ಲಿ ಬಂದರೆ ಸ್ವಿಚ್ಚಿನ ಸ್ಕ್ರೂ, ಪುಲ್ಲಿಯ ಸ್ಕ್ರೂ ಬಿಗಿ ಮಾಡಿ.

ಹಂತ 6: ನಿಜವಾದ ಸೊನ್ನೆ ಗೊತ್ತುಮಾಡಿ. ನಡುವಿನ ಸಂಖ್ಯೆಗೆ ಅರ್ಧ ಆವರ್ತ, ಅಂದರೆ 32 ಕೂಡಿಸಿ: 22ಕ್ಕೆ 54. ಮೊತ್ತ 63 ದಾಟಿದರೆ 64 ಕಳೆಯಿರಿ. ಸ್ವಿಚ್ ಒತ್ತಿದ ಮೇಲೆ ಹಿಂದಿರುಗಿ, ಎಣಿಕೆ 54 ಆದಾಗ ನಿಲ್ಲಿಸಿ. ಅದೇ ಯಂತ್ರದ ಸೊನ್ನೆ. ಸ್ವಿಚ್ 20ರಲ್ಲಿ ಒತ್ತಿಕೊಂಡರೂ 24ರಲ್ಲಿ ಒತ್ತಿಕೊಂಡರೂ ನೀವು ನಿಲ್ಲುವುದು ಅದೇ 54ರಲ್ಲಿ.

ನಾಳೆ ಪವರ್ ಹಾಕಿದಾಗಲೂ ಈ 54 ಬದಲಾಗುವುದಿಲ್ಲ. ಮೋಟಾರಿನ ವೈರನ್ನು ಅದಲುಬದಲು ಮಾಡಬಾರದು, ಪುಲ್ಲಿ ಜಾರಬಾರದು, ಅಷ್ಟೇ. ಆದರೆ ನಾವು ಎಣಿಸುವುದು ಡ್ರೈವರಿಗೆ ಕೊಟ್ಟ ಆಜ್ಞೆಯನ್ನು, ಮೋಟಾರ್ ನಿಜಕ್ಕೂ ತಿರುಗಿದ್ದನ್ನಲ್ಲ. ಭಾರ ತಾಳದೆ ಮೋಟಾರ್ ಹೆಜ್ಜೆ ತಪ್ಪಿದರೆ ಇಡೀ ಆವರ್ತಗಳ ಲೆಕ್ಕದಲ್ಲಿ, ಅಂದರೆ 0.8 ಮಿ.ಮೀ. ಅಳತೆಯಲ್ಲಿ ಹಾರುತ್ತದೆ, ಎಣಿಕೆಗೆ ಅದರ ಸುಳಿವೇ ಸಿಗದು. ಹಾಗಾಗಿ ಅನುಮಾನ ಬಂದ ಕೂಡಲೇ ಮತ್ತೊಮ್ಮೆ ಸ್ವಿಚ್ ಮುಟ್ಟಿಸಿ, 54ಕ್ಕೆ ಬನ್ನಿ.