ಗೇರ್‌ಬಾಕ್ಸ್ ಇಳಿಸುವ ಮೊದಲು: ಒಂಬತ್ತು ಸೂತ್ರಗಳು

ಹಳೆಯ ಆಟೋಮ್ಯಾಟಿಕ್ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಗ್ಯಾರೇಜಿನ ಹುಡುಗ ಸ್ಕ್ಯಾನರ್ ಚುಚ್ಚಿ, ಕೋಡ್ ಅಳಿಸಿ, ಐನೂರು ರೂಪಾಯಿ ಇಸಿದುಕೊಳ್ಳುತ್ತಾನೆ. ಎರಡು ವಾರ ಕಳೆದರೆ ಅದೇ ದೀಪ, ಅದೇ ಕೋಡ್. ಮೂರನೇ ಸಲ ಹೋದಾಗ ಮಾತಿನ ಧಾಟಿಯೇ ಬೇರೆ: "ಗೇರ್‌ಬಾಕ್ಸ್ ಇಳಿಸ್ಬೇಕು ಸಾರ್." ನನಗೂ ಹೀಗೇ ಹೇಳಿದರು, 85,000 ರೂಪಾಯಿಯ ಅಂದಾಜುಪಟ್ಟಿ ಸಮೇತ. ನಾನು ಇಳಿಸಲಿಲ್ಲ. ಯಾಕೆ ಅನ್ನುವುದು ಐದನೇ ಸೂತ್ರದಲ್ಲಿದೆ.

1. ಅಳಿಸುವ ಮೊದಲು ಬರೆದುಕೊಳ್ಳಿ

ಕೋಡ್ ಬಿದ್ದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು, ಆರ್‌ಪಿಎಂ ಎಷ್ಟು ಅನ್ನುವುದನ್ನು ಕಂಪ್ಯೂಟರ್ ಫೋಟೊ ಹಿಡಿದಂತೆ ಹಿಡಿದಿಟ್ಟಿರುತ್ತದೆ. ಇದೇ ಫ್ರೀಜ್ ಫ್ರೇಮ್. ಕೋಡ್ ಅಳಿಸಿದರೆ ಇದೂ ಹೋಯಿತು. ಸ್ಕ್ಯಾನರ್ ಪರದೆಯ ಚಿತ್ರ ಮೊಬೈಲಿನಲ್ಲಿ ತೆಗೆದುಕೊಳ್ಳಿ. 'ಪೆಂಡಿಂಗ್' ಎಂದು ತೋರಿಸುವ ಕೋಡನ್ನೂ ಬಿಡಬೇಡಿ. ದೀಪ ಹತ್ತಿಸುವಷ್ಟು ಅದಿನ್ನೂ ಗಟ್ಟಿಯಾಗಿಲ್ಲ, ಅಷ್ಟೇ.

ನಮ್ಮಲ್ಲಿ ಗಾಡಿ ತನ್ನ ದೋಷವನ್ನು ತಾನೇ ಪತ್ತೆಹಚ್ಚುವ ಓಬಿಡಿ ವ್ಯವಸ್ಥೆ ಬಿಎಸ್ 4 ಕಾರುಗಳ ಜೊತೆ 2010ರ ಏಪ್ರಿಲ್‌ನಲ್ಲಿ ಬಂತು, ಎರಡನೇ ಹಂತ 2013ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಳೆಯ ಕೆಲವು ಗಾಡಿಗಳಲ್ಲಿ ಮೀಟರಿನ 'ಡಿ' ದೀಪವೋ 'ಓ/ಡಿ ಆಫ್' ದೀಪವೋ ಮಿಟುಕುತ್ತದೆ. ಎಷ್ಟು ಸಲ ಮಿಟುಕಿತು ಎಂದು ಎಣಿಸಿಯೇ ಕೋಡ್ ಓದಬೇಕು. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ ಇಲ್ಲವೆಂದು ಕೈಚೆಲ್ಲಬೇಕಿಲ್ಲ.

2. ಪಿ0700 ಅನ್ನು ಕಾಯಿಲೆ ಅಂದುಕೊಳ್ಳಬೇಡಿ

ಅದು ಬಾಗಿಲ ಕರೆಗಂಟೆ. 'ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಹೇಳುತ್ತಿದೆ, ಅದನ್ನೇ ಕೇಳಿ' ಎಂದು ಎಂಜಿನ್ ಕಂಪ್ಯೂಟರ್ ಸುದ್ದಿ ಮುಟ್ಟಿಸುತ್ತಿದೆ. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಎಂಜಿನ್ ಹತ್ತಿರ ಮಾತಾಡಿ ವಾಪಸು ಬರುತ್ತವೆ. ಗೇರ್‌ಬಾಕ್ಸಿನ ಕಂಪ್ಯೂಟರನ್ನು, ಅಂದರೆ ಟಿಸಿಎಂ ಅನ್ನು, ಓದುವ ಸ್ಕ್ಯಾನರ್ ಇರುವವರ ಬಳಿಗೇ ಹೋಗಿ. ಪಿ0700 ಒಂದನ್ನೇ ನೋಡಿ ಓವರ್‌ಹಾಲ್ ಅಂದವರಿಗೆ ನಮಸ್ಕಾರ ಹೇಳಿ ಬನ್ನಿ.

3. ಕೋಡಿನ ಕೊನೆಯ ಅಂಕಿಯನ್ನು ಓದಿ

ಕರೆಂಟಿನಿಂದ ಆಯಿಲಿನ ದಾರಿ ತೆರೆದು ಮುಚ್ಚಿ ಗೇರ್ ಬದಲಿಸುವ ಮೊದಲನೇ ಶಿಫ್ಟ್ ಸೊಲೆನಾಯ್ಡ್ ವಿಷಯ ತೆಗೆದುಕೊಳ್ಳಿ. ಪಿ0753 ಅಂದರೆ ಕರೆಂಟಿನ ತೊಂದರೆ: ವೈರು, ಕನೆಕ್ಟರ್ ಅಥವಾ ಸೊಲೆನಾಯ್ಡಿನ ಸುರುಳಿ. ಪಿ0751 ಅಂದರೆ ಕರೆಂಟ್ ಸರಿಯಾಗಿ ಹೋಗುತ್ತಿದೆ, ಆದರೆ ಆಗಬೇಕಾದ ಕೆಲಸ ಆಗುತ್ತಿಲ್ಲ: ಕೊಳಕು ಆಯಿಲ್, ಕಚ್ಚಿಕೊಂಡ ವಾಲ್ವ್. ಹುಡುಕಬೇಕಾದ ಜಾಗ ಎರಡಕ್ಕೂ ಬೇರೆ ಬೇರೆ. ಹಾಗೆಯೇ ಪಿ0715 ಇನ್‌ಪುಟ್ ಸ್ಪೀಡ್ ಸೆನ್ಸರಿನ ಸರ್ಕ್ಯೂಟಿನ ದೂರು. ಪಿ0730 ಬಂದರೆ ಮಾತ್ರ ಗೇರ್ ಅನುಪಾತವೇ ತಾಳೆಯಾಗುತ್ತಿಲ್ಲ, ಒಳಗೆ ಎಲ್ಲೋ ಜಾರುತ್ತಿರಬಹುದು. ಇದಕ್ಕೆ ಸ್ವಲ್ಪ ಹೆದರಬಹುದು.

4. ಬ್ಯಾಟರಿ, ಅರ್ತ್ ವೈರು

ಇದನ್ನು ಯಾರೂ ನೋಡುವುದಿಲ್ಲ, ಯಾಕೆಂದರೆ ಇದರಲ್ಲಿ ದುಡ್ಡಿಲ್ಲ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಇರಬೇಕು, ಎಂಜಿನ್ ಓಡುವಾಗ ಸುಮಾರು 13.8ರಿಂದ 14.5. ಇನ್ನೊಂದು ಪರೀಕ್ಷೆಯೂ ಇದೆ. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್, ಎಸಿ ಎಲ್ಲ ಹಾಕಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಗೇರ್‌ಬಾಕ್ಸಿನ ಲೋಹದ ಮೇಲೆ ಇಡಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಎಂದು ಲೆಕ್ಕ. ಅರ್ತ್ ಕೆಟ್ಟಾಗ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಕೋಡುಗಳು ಒಟ್ಟಿಗೇ ಬೀಳುತ್ತವೆ.

5. ಯಾವಾಗ ಬರುತ್ತದೆ ಅನ್ನುವುದನ್ನು ಹಿಡಿಯಿರಿ

ಮತ್ತೆ ಮತ್ತೆ ಬರುವ ಕೋಡಿಗೆ ಒಂದು ಹೊತ್ತುಗೊತ್ತು ಇರುತ್ತದೆ. ತಣ್ಣಗಿದ್ದಾಗಲೋ ಕಾದ ಮೇಲೋ? ಮಳೆಯಲ್ಲೋ? ಏರಿನಲ್ಲೋ? ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಚೀಟಿ ಇಟ್ಟು ಪ್ರತಿ ಸಲವೂ ಗುರುತು ಹಾಕಿ.

ನನ್ನದು 2011ರ ನಾಲ್ಕು ಗೇರಿನ ಗಾಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿರುತ್ತಿತ್ತು. ಪುತ್ತೂರಿನಿಂದ ವಾಪಸು ಬರುವಾಗ ಗುಂಡ್ಯ ದಾಟಿ ಶಿರಾಡಿ ಏರು ಸಿಕ್ಕಿತೋ, ಪಿ0715. ಗಾಡಿ ಮೂರನೇ ಗೇರಿನಲ್ಲಿ ಕೂತುಬಿಡುತ್ತಿತ್ತು. ಮುಂದೆ ಲಾರಿ, ಹಿಂದೆ ಬಸ್ಸಿನ ಹಾರ್ನ್. ಬಿಸಿಗೆ ಹೀಗಾಗುತ್ತದೆ ಎಂದು ಸೆನ್ಸರ್ ಬದಲಿಸಿದರು. ಮುಂದಿನ ಸಲ ಮತ್ತೆ ಗುಂಡ್ಯದಲ್ಲೇ ನಿಂತೆ. ಚೀಟಿ ತೆಗೆದು ನೋಡಿದರೆ ಇನ್ನೊಂದು ವಿಷಯ ಇತ್ತು. ಬೆಂಗಳೂರಿನಲ್ಲೂ ಎರಡು ಸಲ ದೀಪ ಹತ್ತಿತ್ತು, ಎರಡೂ ಬೆಳಿಗ್ಗೆ, ಎಂಜಿನ್ ಇನ್ನೂ ತಣ್ಣಗಿದ್ದಾಗ, ನಮ್ಮ ಬೇಸ್‌ಮೆಂಟಿನ ಕಡಿದಾದ ಏರು ಹತ್ತುವಾಗ. ಅಂದಮೇಲೆ ತಪ್ಪು ಬಿಸಿಯದಲ್ಲ, ಭಾರದ್ದು.

ಚೀಟಿಯನ್ನು ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಮುಂದಿಟ್ಟೆ. ಅವರು ಬಾನೆಟ್ ಎತ್ತಿ, "ಹ್ಯಾಂಡ್‌ಬ್ರೇಕ್ ಎಳೀರಿ, ಫುಟ್‌ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡ್ಕೊಳ್ಳಿ. ಈಗ ಡಿ ಹಾಕಿ, ಆರ್ ಹಾಕಿ, ಮತ್ತೆ ಡಿ" ಅಂದರು. ತಾವು ಪಕ್ಕಕ್ಕೆ ನಿಂತು ಬಗ್ಗಿ ನೋಡುತ್ತಿದ್ದರು. ಪ್ರತಿ ಸಲವೂ ಎಂಜಿನ್ ತೊಟ್ಟಿಲಿನ ಹಾಗೆ ತೂಗಿತು. ಎಂಜಿನ್ ಕೂರುವ ಮೌಂಟಿನ ರಬ್ಬರ್ ಹರಿದು ಹೋಗಿತ್ತು. ಎಂಜಿನ್ ವಾಲಿದಾಗ ಬ್ಯಾಟರಿ ತಟ್ಟೆಯ ಕೆಳಗಿನ ವೈರಿನ ಕಟ್ಟು ವೀಣೆಯ ತಂತಿಯ ಹಾಗೆ ಬಿಗಿಯುತ್ತಿತ್ತು. ನಾಲ್ಕನೇ ಸಲಕ್ಕೆ ಸ್ಕ್ಯಾನರಿನಲ್ಲಿ ಕೋಡ್ ಬಂತು, ನಿಂತಲ್ಲೇ. ಟೇಪು ಬಿಚ್ಚಿದರು. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಇಡಿಯಾಗಿಯೇ ಇದೆ, ಒಳಗಿನ ತಾಮ್ರ ಹಸಿರು ಕಿಲುಬು ಹಿಡಿದು ಎರಡೇ ಎಳೆ ಉಳಿದಿದೆ. ಗೇಣುದ್ದ ವೈರು, ಒಂದು ಮೌಂಟ್, ಕೂಲಿ ಸೇರಿ 3,400 ರೂಪಾಯಿ.

ಈ ಪರೀಕ್ಷೆ ಮಾಡುವಾಗ ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಕೂಡದು. ಆಕ್ಸಿಲರೇಟರ್ ಮುಟ್ಟಬೇಡಿ.

6. ಇಲಿ

ನಗೆ ಬೇಡ. ಎರಡು ದಿನ ನಿಂತ ಗಾಡಿಯ ಬಾನೆಟ್ ಕೆಳಗೆ ಇಲಿಗಿಂತ ಶ್ರದ್ಧೆಯಿಂದ ಕೆಲಸ ಮಾಡುವವರಿಲ್ಲ. ಹಿಕ್ಕೆ ಕಂಡರೆ ಮೊದಲು ವೈರು ನೋಡಿ.

7. ಆಯಿಲ್ ನೋಡುವುದನ್ನು ಕಲಿಯಿರಿ

ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಚೆನ್ನಾಗಿ ಕಾದ ಮೇಲೆ, ಓಡುತ್ತಿರುವಾಗಲೇ, ಗೇರ್ ಪಾರ್ಕಿನಲ್ಲಿಟ್ಟು ಡಿಪ್‌ಸ್ಟಿಕ್ ತೆಗೆಯಬೇಕು. ಹೋಂಡಾದ ಹಳೆಯ ಗಾಡಿಗಳಲ್ಲಿ ಕಾಯಿಸಿ, ಎಂಜಿನ್ ಆಫ್ ಮಾಡಿ, ತಕ್ಷಣ ನೋಡಬೇಕು. ಡಿಪ್‌ಸ್ಟಿಕ್ಕೇ ಇಲ್ಲದ ಗಾಡಿಯನ್ನು ಲಿಫ್ಟಿನ ಮೇಲೆ ಸಮತಟ್ಟಾಗಿ ಎತ್ತಿ, ನಿಗದಿತ ಉಷ್ಣತೆಯಲ್ಲಿ ಪ್ಲಗ್ ಬಿಚ್ಚಿಯೇ ಅಳತೆ ನೋಡಬೇಕು. ಅಂದಾಜಿನ ಮೇಲೆ ಸುರಿಯಲು ಅದು ಸಾರಲ್ಲ.

ಬಿಳಿ ಬಟ್ಟೆಯ ಮೇಲೆ ಒಂದು ತೊಟ್ಟು ಬಿಡಿ. ಕೆಂಪಗೆ ತಿಳಿಯಾಗಿದ್ದರೆ ಒಳ್ಳೆಯದು. ಕಂದು ಬಣ್ಣ ವಯಸ್ಸಿನದು. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟು ಸವೆದಿವೆ. ರೋಸ್ ಮಿಲ್ಕ್ ಹಾಗೆ ಕಂಡರೆ ಅಲ್ಲೇ ಎಂಜಿನ್ ಆಫ್ ಮಾಡಿ: ರೇಡಿಯೇಟರ್ ಒಳಗಿರುವ ಆಯಿಲ್ ಕೂಲರ್ ಒಡೆದು ಕೂಲೆಂಟ್ ಗೇರ್‌ಬಾಕ್ಸಿಗೆ ನುಗ್ಗಿದೆ. ಆಗ ಒಂದು ಕಿಲೋಮೀಟರ್ ಓಡಿಸಿದರೂ ನಷ್ಟ.

ಆಯಿಲಿನ ಜಾತಿ ತಪ್ಪಬಾರದು. ಟೊಯೋಟಾದಲ್ಲಿ ಟಿ-4 ಬೇರೆ, ಡಬ್ಲ್ಯೂಎಸ್ ಬೇರೆ. ಹಳೆಯ ಹ್ಯುಂಡೈ ನಾಲ್ಕು ಗೇರಿನವು ಎಸ್‌ಪಿ-3 ಕೇಳುತ್ತವೆ. ಸಿವಿಟಿಗೆ ಸಿವಿಟಿಯದೇ ಆಗಬೇಕು. 'ಎಲ್ಲಕ್ಕೂ ಆಗತ್ತೆ ಸಾರ್' ಅನ್ನುವ ಡಬ್ಬ ಬೇಡ. ಪ್ಲಗ್ ಬಿಚ್ಚಿದರೆ ಇಳಿಯುವುದು ಒಟ್ಟು ಆಯಿಲಿನ ಒಂದು ಭಾಗ ಮಾತ್ರ, ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೇ ಇರುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪ ಓಡಿಸಿ ಎರಡು ಮೂರು ಸಲ ಬದಲಿಸುವುದು ಲೇಸು.

8. ಗಾಡಿ ಒಂದೇ ಗೇರಿನಲ್ಲಿ ಕೂತರೆ

ಗೇರ್‌ಬಾಕ್ಸ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಬದಿಗೆ ನಿಲ್ಲಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಶುರು ಮಾಡಿ, ನಿಧಾನವಾಗಿ ಹೋಗಿ. ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಓಡದಿದ್ದರೆ ಪಂಪೂ ಓಡುವುದಿಲ್ಲ, ಉರುಳುವ ಚಕ್ರ ಒಳಗಿನದನ್ನೆಲ್ಲ ಒಣಗಿದ್ದಂತೆಯೇ ತಿರುಗಿಸುತ್ತದೆ. ಹೊತ್ತೊಯ್ಯುವ ಲಾರಿಯನ್ನೇ ಕರೆಸಿ.

9. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ದೀಪ ಹತ್ತಿಲ್ಲವೆಂದು ಖುಷಿಪಡುವ ಮೊದಲು ಸ್ಕ್ಯಾನರಿನಲ್ಲಿ 'ರೆಡಿನೆಸ್' ಪುಟ ತೆಗೆಯಿರಿ. ಕಂಪ್ಯೂಟರ್ ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿಲ್ಲ ಎಂದು ತೋರಿಸುತ್ತಿದ್ದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ. ಇಲ್ಲವೇ ಬ್ಯಾಟರಿ ಕಳಚಿದ್ದಾರೆ. "ಮೊನ್ನೆ ತಾನೇ ಬ್ಯಾಟ್ರಿ ಹೊಸದು ಹಾಕ್ಸಿದೀನಿ" ಎಂದು ಮಾರುವವರು ಹೇಳಬಹುದು. ಬಾನೆಟ್ ಎತ್ತಿ, ಬ್ಯಾಟರಿಯ ಮೇಲಿನ ತಾರೀಕು ನೋಡಿ.