ಮೈಗೆ ಹಿತವಾದ ಉಡುಗೆ

ನಾವು ದಿನಾಲೂ ಸಂಜೆ ಓದಲು ಕೂಡುತ್ತೇವೆ. ಹೊಲದ ಕೆಲಸ ಮುಗಿಸಿ, ರೊಟ್ಟಿ ಬಡಿದಿಟ್ಟು, ಪಾಟಿ ಪುಸ್ತಕ ಹಿಡಿದು ಬರುತ್ತೇವೆ. ನಮ್ಮಲ್ಲಿ ಬೈಲಹೊಂಗಲ ಕಡೆಯವರಿದ್ದಾರೆ. ಕಿತ್ತೂರು ಕಡೆಯಿಂದ ಸೊಸೆಯಾಗಿ ಬಂದವರಿದ್ದಾರೆ. ಸವದತ್ತಿ, ರಾಮದುರ್ಗ ತವರಿನವರೂ ಇದ್ದಾರೆ.

ಒಮ್ಮೆ ನಮ್ಮ ಒಬ್ಬ ಅಕ್ಕ ಎಂಟು ದಿನ ಬರಲಿಲ್ಲ.

"ಆಕಿಗೆ ಓದೂದು ಬ್ಯಾಸರಾಗೇತಿ" ಎಂದರು ಕೆಲವರು. "ಮೈಗಳ್ಳಿ" ಎಂಬ ಮಾತೂ ಬಂತು. ನಾವು ಯಾರೂ ಆ ಮಾತನ್ನು ತಡೆಯಲಿಲ್ಲ.

ಒಂಬತ್ತನೆಯ ದಿನ ಅವಳ ಮನೆಗೆ ಹೋದೆವು. ಅಕ್ಕ ಒಳಗೆ ಕೂತಿದ್ದಳು. ಹಳೆಯ ಜಂಪರ ತೊಟ್ಟು, ಮೇಲೆ ಸೆರಗು ಹೊದ್ದುಕೊಂಡಿದ್ದಳು. ಜಂಪರದ ಹುಕ್ಕು ಹಾಕಿರಲಿಲ್ಲ.

"ಯಾಕಕ್ಕಾ, ಬರವಲ್ಲಿ?" ಎಂದು ಕೇಳಿದೆವು.

"ಹೆಂಗ ಬರ್ಲಿ? ಕೈ ಹಿಂದ ಹೋಗವಲ್ದು. ಬಟ್ಟು ಬಾತಾವು. ಹುಕ್ಕು ಹಾಕಾಕ ಆಗೂದಿಲ್ಲ. ಮಗಳು ಇದ್ದಾಗ ಆಕಿನ ತೊಡಸ್ತಿದ್ಲು. ಆಕಿ ಈಗ ಹಾಸ್ಟೆಲಿಗೆ ಹೋದ್ಲು. ಹುಕ್ಕು ಹಾಕ್ರಿ ಅಂತ ಯಾರಿಗೆ ಹೇಳ್ಲಿ?"

ಅಕ್ಕನಿಗೆ ಸಂಧಿವಾತ. ಎರಡು ವರ್ಷದಿಂದ ಗುಳಿಗೆ ನುಂಗುತ್ತಾಳೆ. ನೋವು ಕಡಿಮೆ ಆಗಿದೆ, ಪೂರಾ ಹೋಗಿಲ್ಲ. ನಮಗೆ ನಾಚಿಕೆ ಆಯಿತು. ಎಂಟು ದಿನ ಒಂದು ಹುಕ್ಕು ಅವಳನ್ನು ಮನೆಯಲ್ಲಿ ಕೂಡಿ ಹಾಕಿತ್ತು. ನಾವು ಅದಕ್ಕೆ ಮೈಗಳ್ಳತನ ಅಂದಿದ್ದೆವು.

ಅಂದೇ ಈ ಪಾಠ ಶುರುವಾಯಿತು.

ಹಳೆಯ ನೋವು ಎಂದರೇನು?

ಮುಳ್ಳು ಚುಚ್ಚಿದರೆ ನೋಯುತ್ತದೆ. ಮುಳ್ಳು ತೆಗೆದರೆ ನೋವು ಹೋಗುತ್ತದೆ. ಆದರೆ ಕೆಲವು ನೋವು ಹಾಗೆ ಹೋಗುವುದಿಲ್ಲ. ಮೂರು ತಿಂಗಳು ದಾಟಿದರೂ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ನಾವು ಹಳೇ ಬ್ಯಾನಿ ಅನ್ನುತ್ತೇವೆ.

ಮೊಣಕಾಲು ಸವೆತ, ಸೊಂಟ ನೋವು, ಸಂಧಿವಾತ, ಭುಜ ಬಿಗಿಯುವುದು, ಇವೆಲ್ಲ ಇಂಥ ನೋವುಗಳು. 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕೂನ್‌ಗುನ್ಯಾ ಜ್ವರ ಬಹಳ ಹಬ್ಬಿತ್ತು. ಜ್ವರ ಬೇಗ ಬಿಟ್ಟಿತು. ಕೀಲುನೋವು ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಿತು.

ಒಮ್ಮೆ ಕಳ್ಳ ಬಂದು ಹೋದ ಮನೆಯ ನಾಯಿಯನ್ನು ನೋಡಿದ್ದೀರಾ? ಆಮೇಲೆ ಅದು ಎಲೆ ಬಿದ್ದರೂ ಬೊಗಳುತ್ತದೆ. ಹಳೆಯ ನೋವಿನಲ್ಲಿ ನಮ್ಮ ನರಗಳೂ ಹೀಗೆ ಆಗಬಹುದು. ಬಟ್ಟೆಯ ಒಂದು ಹೊಲಿಗೆ ತಾಗಿದರೂ ಮೈ ಚುರ್ ಎನ್ನುತ್ತದೆ. ಇದು ನಾಟಕ ಅಲ್ಲ. ಇದು ನಿಜವಾದ ನೋವು.

ಹಾಗಾದರೆ ಉಡುಗೆ ಹೇಗಿರಬೇಕು? ಮೂರು ಮಾತು ನೆನಪಿಡೋಣ.

ಹಗುರ ಇರಬೇಕು.
ಸಡಿಲ ಇರಬೇಕು.
ನಮ್ಮ ಕೈಯಿಂದಲೇ ತೊಡಲು, ಬಿಚ್ಚಲು ಬರಬೇಕು.

ನಡುವಿನ ಲಾಡಿ

ಪರಕಾರದ ಲಾಡಿ ಸಣ್ಣ ದಾರ ಇದ್ದ ಹಾಗೆ ಇರುತ್ತದೆ. ಆರು ವಾರಿ ಸೀರೆಯ ಭಾರ ಆ ದಾರದ ಮೇಲೆ ಬೀಳುತ್ತದೆ. ನೆರಿಗೆ ಜಾರಬಾರದು ಎಂದು ನಾವು ಜಗ್ಗಿ ಕಟ್ಟುತ್ತೇವೆ. ಕೂತಾಗ, ಬಗ್ಗಿದಾಗ ಅದು ಹೊಟ್ಟೆಗೂ ಸೊಂಟಕ್ಕೂ ಒತ್ತುತ್ತದೆ. ನಡು ಬಿಗಿದರೆ ಕೆಲವರಿಗೆ ಎದೆ ಉರಿ ಹೆಚ್ಚುತ್ತದೆ. ಕೆಲವರಿಗೆ ತೊಡೆಯ ಹೊರಬದಿ ಉರಿಯುತ್ತದೆ, ಜೋಮು ಹಿಡಿಯುತ್ತದೆ. ಅಲ್ಲಿಗೆ ಹೋಗುವ ನರವು ತೊಡೆಸಂದಿನ ಹತ್ತಿರ ಒತ್ತಿಹೋದರೆ ಹೀಗೆ ಆಗುತ್ತದೆ.

ರಾತ್ರಿ ಪರಕಾರ ಬಿಚ್ಚಿದಾಗ ನಡುವನ್ನು ಮುಟ್ಟಿ ನೋಡಿರಿ. ಗೆರೆ ಬಿದ್ದಿದೆಯೇ? ಚರ್ಮ ಕಪ್ಪಾಗಿದೆಯೇ? ಸಿಪ್ಪೆ ಏಳುತ್ತದೆಯೇ? ಗಾಯ ಇದೆಯೇ?

2024ರಲ್ಲಿ ಮಹಾರಾಷ್ಟ್ರದ ವರ್ಧಾ ಮತ್ತು ಬಿಹಾರದ ವೈದ್ಯರು ಇಬ್ಬರು ಹೆಣ್ಣುಮಕ್ಕಳ ಬಗ್ಗೆ ಬರೆದರು. ಒಬ್ಬಾಕೆಗೆ 70 ವರ್ಷ. ಲಾಡಿ ಬಿಗಿಯುವ ಜಾಗದಲ್ಲಿ 18 ತಿಂಗಳಿನಿಂದ ಒಂದು ಗಾಯ ಇತ್ತು. ಅದು ಮಾಯಲೇ ಇಲ್ಲ. ಪರೀಕ್ಷೆ ಮಾಡಿದಾಗ ಅದು ಚರ್ಮದ ಕ್ಯಾನ್ಸರ್ ಎಂದು ಗೊತ್ತಾಯಿತು. ಇನ್ನೊಬ್ಬಾಕೆ ಪರಕಾರ ಉಡುತ್ತಿರಲಿಲ್ಲ, ಸೀರೆಯನ್ನೇ ನಡುವಿಗೆ ಬಿಗಿದು ಕಟ್ಟುತ್ತಿದ್ದಳು. ಆಕೆಗೂ ಹಾಗೆಯೇ ಆಗಿತ್ತು.

ಹೆದರಬೇಡಿರಿ. ಹೀಗೆ ಆಗುವುದು ಬಹಳ ಅಪರೂಪ. ಆದರೆ ನಡುವಿನ ಗಾಯವನ್ನು ಮುಚ್ಚಿಡಬೇಡಿರಿ. ಮಾಯದ ಗಾಯವನ್ನು ವೈದ್ಯರಿಗೆ ತೋರಿಸಿರಿ.

ಏನು ಮಾಡಬೇಕು?

ಲಾಡಿಯ ಬದಲು ಮೂರು ನಾಲ್ಕು ಬೆರಳು ಅಗಲದ ಬಟ್ಟೆಯ ಪಟ್ಟಿ ಹೊಲಿಸಿರಿ. ಅಗಲ ಪಟ್ಟಿಯ ಮೇಲೆ ಭಾರ ಹಂಚಿಹೋಗುತ್ತದೆ. ಕಟ್ಟಿದ ಮೇಲೆ ಎರಡು ಬೆರಳು ಒಳಗೆ ಸಲೀಸಾಗಿ ಹೋಗಬೇಕು. ಗಂಟು ದಿನಾ ಒಂದೇ ಜಾಗದಲ್ಲಿ ಬೇಡ. ಇಂದು ಎಡಕ್ಕೆ, ನಾಳೆ ಬಲಕ್ಕೆ ಕಟ್ಟಿರಿ. ಮನೆಯಲ್ಲಿ ಇದ್ದಾಗ ಸಡಿಲ ಬಿಡಿರಿ. ಮಲಗುವಾಗ ಬಿಚ್ಚಿಬಿಡಿರಿ.

ಯಾವ ಸೀರೆ ಒಳ್ಳೆಯದು?

ನಮ್ಮದು ಹತ್ತಿ ಬೆಳೆಯುವ ಎರೆ ನೆಲ. ರಾಮದುರ್ಗದ ಕಡೆ ಮಗ್ಗದ ಸಪ್ಪಳ ಇನ್ನೂ ಕೇಳುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಹತ್ತಿ ಸೀರೆಯೇ ಹಿತ. ಅದು ಬೆವರು ಹೀರುತ್ತದೆ. ನೈಲಾನು, ಪಾಲಿಸ್ಟರ್ ಬಟ್ಟೆ ಬೆವರು ಹೀರುವುದು ಕಡಿಮೆ. ಬೆವರಿನ ಮೈಗೆ ಬಟ್ಟೆ ತಿಕ್ಕಿದರೆ ಚರ್ಮ ಕೆಂಪಾಗುತ್ತದೆ.

ಆದರೆ ಪಾಲಿಸ್ಟರ್ ಸೀರೆಗೂ ಒಂದು ಗುಣ ಇದೆ. ಅದು ಹಗುರ. ಬೇಗ ಒಣಗುತ್ತದೆ. ಬೆರಳು ನೋಯುವವರಿಗೆ ಒಗೆಯಲು, ಹಿಂಡಲು ಸುಲಭ. ಆದ್ದರಿಂದ ನಮ್ಮ ಮೈಗೆ ಯಾವುದು ಹಿಡಿಸುತ್ತದೆ ಎಂದು ನಾವೇ ನೋಡಬೇಕು.

ಇಳಕಲ್ ಸೀರೆ ನಮಗೆಲ್ಲ ಇಷ್ಟ. ಅದರಲ್ಲೂ ಬೇರೆ ಬೇರೆ ಬಗೆ ಇವೆ. ಒಡಲು ಹತ್ತಿಯದು ಇರುತ್ತದೆ, ರೇಷ್ಮೆಯದೂ ಇರುತ್ತದೆ. ಅಂಗಡಿಯಲ್ಲಿ ಬಣ್ಣ ಒಂದನ್ನೇ ನೋಡಬೇಡಿರಿ. ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿರಿ. ಹೆಗಲ ಮೇಲೆ ಹಾಕಿಕೊಂಡು ಸ್ವಲ್ಪ ಹೊತ್ತು ನಿಲ್ಲಿರಿ. ಅಂಚು ಒರಟು ಇದೆಯೇ ಎಂದು ಕತ್ತಿಗೆ ತಾಗಿಸಿ ನೋಡಿರಿ. ಭಾರ ಎನಿಸಿದರೆ "ಹಗುರಂದು ತೋರಸ್ರಿ" ಎಂದು ಕೇಳಿರಿ. ರೊಕ್ಕ ಕೊಡುವವರು ನಾವು. ಕೇಳಲು ನಾಚಿಕೆ ಏಕೆ?

ಹೊಸ ಹತ್ತಿ ಸೀರೆಗೆ ಗಂಜಿ ಇರುತ್ತದೆ. ಎರಡು ಮೂರು ಸಲ ಒಗೆದ ಮೇಲೆ ಮೆತ್ತಗಾಗುತ್ತದೆ. ಆಮೇಲೆ ಉಟ್ಟರೆ ಚುಚ್ಚುವುದಿಲ್ಲ.

ನಿಂತು ಸೀರೆ ಉಡಲು ಕಷ್ಟವೇ? ಸ್ಟೂಲಿನ ಮೇಲೆ ಕೂತು ನೆರಿಗೆ ಹಿಡಿಯಿರಿ. ಬೆರಳು ನೋಯುತ್ತಿದ್ದರೆ ನೆರಿಗೆ ಹಿಡಿದು ಹೊಲಿಸಿಬಿಡಿರಿ. ಪಿನ್ನು ಚುಚ್ಚುವ ಗೋಜೇ ಇಲ್ಲ. ಹೊರಗಿನಿಂದ ನೋಡಿದವರಿಗೆ ಅದು ಸಾದಾ ಸೀರೆಯ ಹಾಗೇ ಕಾಣುತ್ತದೆ.

ಜಂಪರ

ನಮ್ಮ ಅಜ್ಜಿಯರು ಗುಳೇದಗುಡ್ಡದ ಖಣದ ಕುಪ್ಪಸ ತೊಡುತ್ತಿದ್ದರು. ಅದರ ಗಂಟು ಎಲ್ಲಿತ್ತು? ಮುಂದೆ ಇತ್ತು. ಕೈ ಹಿಂದೆ ಒಯ್ಯುವ ಕೆಲಸವೇ ಇರಲಿಲ್ಲ. ಹಿಂದೆ ಹುಕ್ಕಿನ ಜಂಪರ ಬಂದದ್ದು ಆಮೇಲೆ.

ಭುಜ ನೋಯುವವರು ಮುಂದೆ ತೆರೆಯುವ ಜಂಪರವನ್ನೇ ಹೊಲಿಸಿರಿ. ಬೆರಳು ನೋಯುವವರಿಗೆ ಸಣ್ಣ ಹುಕ್ಕು ಬೇಡ, ದೊಡ್ಡ ಗುಂಡಿ ಇರಲಿ. ಗುಂಡಿಯೂ ಆಗದಿದ್ದರೆ ಒತ್ತಿದರೆ ಅಂಟುವ ಪಟ್ಟಿ ಸಿಗುತ್ತದೆ. ಚೀಲಕ್ಕೆ, ಚಪ್ಪಲಿಗೆ ಅದನ್ನು ಹಚ್ಚಿರುತ್ತಾರೆ. ಅದರ ಒರಟು ಬದಿ ಮೈಗೆ ತಾಗದಂತೆ ಹೊಲಿಸಬೇಕು.

ತೋಳು, ಬಗಲು ಸಡಿಲ ಇರಲಿ. ಒಳಗಿನ ಬಾಡಿಯ ಪಟ್ಟಿ ಅಗಲ ಇರಲಿ. ಸಣ್ಣ ಪಟ್ಟಿ ಹೆಗಲನ್ನು ಕೊರೆಯುತ್ತದೆ.

ತೊಡುವುದಕ್ಕೂ ಒಂದು ಕ್ರಮ ಇದೆ. ನೋಯುವ ಕೈಯನ್ನು ಮೊದಲು ತೋಳಿನೊಳಗೆ ಹಾಕಿರಿ. ಆಮೇಲೆ ಒಳ್ಳೆಯ ಕೈ ಹಾಕಿರಿ. ಬಿಚ್ಚುವಾಗ ತಿರುವು ಮುರುವು ಮಾಡಿರಿ. ಒಳ್ಳೆಯ ಕೈ ಮೊದಲು, ನೋಯುವ ಕೈ ಕಡೆಗೆ.

ಬಳೆ, ಚಪ್ಪಲಿ, ಚಳಿ

ಕೀಲು ಬಾತಾಗ ಬಳೆ, ಉಂಗುರ, ಕಾಲುಂಗುರ ಬಿಗಿಯಾಗುತ್ತವೆ. ಬಾವು ಹೆಚ್ಚಾದರೆ ಆಮೇಲೆ ತೆಗೆಯಲು ಬರುವುದಿಲ್ಲ. ಬಾವು ಕಂಡ ಕೂಡಲೇ ತೆಗೆದಿಡಿರಿ. ಬಳೆ ಬೇಕೇ ಬೇಕು ಎಂದರೆ ಒಂದು ಅಳತೆ ದೊಡ್ಡದು ಇಡಿಸಿಕೊಳ್ಳಿರಿ. ಹಸಿರು ಬಳೆ ಸಡಿಲ ಇದ್ದರೂ ಹಸಿರೇ.

ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ನಾವು ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತೇವೆ. ಅಕ್ಟೋಬರದಲ್ಲಿ ಕಿತ್ತೂರು ಉತ್ಸವಕ್ಕೆ ಹೋಗುತ್ತೇವೆ. ಅಂದು ಬಹಳ ನಡೆಯಬೇಕು, ಬಹಳ ಹೊತ್ತು ನಿಲ್ಲಬೇಕು. ಭಾರದ ಸೀರೆ ಪೆಟ್ಟಿಗೆಯಲ್ಲಿ ಇರಲಿ, ಹಗುರ ಸೀರೆ ಉಡೋಣ. ಜೋಗಳಬಾವಿಯಲ್ಲಿ ಮಿಂದ ಮೇಲೆ ಹಸಿ ಸೀರೆಯಲ್ಲಿ ಇರಬೇಡಿರಿ. ಹಸಿ ಸೀರೆ ಭಾರ, ತೊಡೆಗೆ ತಿಕ್ಕುತ್ತದೆ. ಒಣ ಸೀರೆ ಒಂದು ಜೊತೆಗಿರಲಿ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದ ಜೋಮು ಹಿಡಿದಿರಬಹುದು. ಸುಟ್ಟರೂ, ಚುಚ್ಚಿದರೂ ಗೊತ್ತಾಗದು. ಅಂಥವರು ಬರಿಗಾಲಲ್ಲಿ ನಡೆಯಬಾರದು. ಮೆತ್ತನೆಯ ತಳದ, ಹಿಂದೆ ಪಟ್ಟಿ ಇರುವ ಚಪ್ಪಲಿ ಒಳ್ಳೆಯದು.

ಮಾಗಿಯ ಚಳಿಯಲ್ಲಿ ಬಹಳ ಮಂದಿಗೆ ಕೀಲು ಬಿಗಿಯುತ್ತವೆ. ಮೊಣಕಾಲು, ಪಾದ ಬೆಚ್ಚಗಿರಲಿ. ಕಂಬಳಿ ಚುಚ್ಚಿದರೆ ಒಳಗೆ ಹಳೆಯ ಹತ್ತಿ ಸೀರೆ ಹೊದ್ದು, ಮೇಲೆ ಕಂಬಳಿ ಹೊದೆಯಿರಿ.

ಜನ ಏನಂತಾರ?

ಈ ಪಾಠ ಓದುವಾಗ ನಮ್ಮಲ್ಲಿ ಜಗಳವೇ ಆಯಿತು. ಒಬ್ಬ ತಂಗಿಗೆ ಸೊಂಟ ನೋವು. ಅವಳಿಗೆ ಚೂಡಿದಾರ ಹಿತ. "ಅತ್ತಿ ಬ್ಯಾಡ ಅಂತಾಳ" ಎಂದಳು. "ಮದಿವಿ ಆದಾಕಿ ಸೀರಿ ಬಿಟ್ರ ಹೆಂಗ?" ಎಂದಳು ಒಬ್ಬ ಹಿರಿಯಳು.

ಆಗ ನಾವೆಲ್ಲ ಕೂಡಿ ಲೆಕ್ಕ ಹಾಕಿದೆವು. ನಮ್ಮ ಅಜ್ಜಿ ಕಚ್ಚೆ ಹಾಕಿ ದೊಡ್ಡ ಸೀರೆ ಉಟ್ಟಳು. ಅವ್ವ ಪರಕಾರದ ಮೇಲೆ ಆರು ವಾರಿ ಉಟ್ಟಳು. ಮಗಳು ಚೂಡಿದಾರ ತೊಟ್ಟಳು. ಮೂವರೂ ಮರ್ಯಾದೆಯಿಂದಲೇ ಬಾಳಿದರು. ಮರ್ಯಾದೆ ಲಾಡಿಯ ಗಂಟಿನಲ್ಲಿ ಇಲ್ಲ.

ಹಿರಿಯಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ನನ್ನ ನಡದಾಗೂ ಲಾಡಿ ಗಾಯ ಐತಿ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ." ಮರುದಿನ ಇಬ್ಬರು ಅವಳ ಜೊತೆ ದವಾಖಾನೆಗೆ ಹೋದರು. ಅವಳ ಗಾಯ ಮುಲಾಮಿಗೆ, ಸಡಿಲ ಪಟ್ಟಿಗೆ ಮಾಯಿತು. ಈಗ ಆ ತಂಗಿಯ ಅತ್ತೆಗೆ ತಿಳಿಸಿ ಹೇಳುವವಳು ಅವಳೇ.

ಉಡುಗೆ ಔಷಧ ಅಲ್ಲ

ಹಿತವಾದ ಉಡುಗೆಯಿಂದ ರೋಗ ವಾಸಿ ಆಗುವುದಿಲ್ಲ. ನೋವು ತಡೆದುಕೊಳ್ಳುವುದು ಸುಲಭ ಆಗುತ್ತದೆ, ಅಷ್ಟೇ. ಗುಳಿಗೆ ಬಿಡಬೇಡಿರಿ. ಸೊಂಟದ ಬೆಲ್ಟನ್ನು ವೈದ್ಯರನ್ನು ಕೇಳದೆ ದಿನವಿಡೀ ಕಟ್ಟಬೇಡಿರಿ.

ಈ ಗುರುತು ಕಂಡರೆ ವೈದ್ಯರ ಹತ್ತಿರ ಹೋಗಿರಿ:

ಕೀಲು ಬಾತು, ಬೆಳಿಗ್ಗೆ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ.
ನೋವಿನ ಜೊತೆ ಜ್ವರ ಇದ್ದರೆ, ಮೈ ಸೊರಗುತ್ತಿದ್ದರೆ.
ಗಾಯ ಮಾಯದಿದ್ದರೆ.
ಸೊಂಟ ನೋವಿನ ಜೊತೆ ಕಾಲಿನ ಶಕ್ತಿ ಹೋದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲು ಆಗದಿದ್ದರೆ. ಇದಕ್ಕೆ ಒಂದು ದಿನವೂ ತಡ ಮಾಡಬೇಡಿರಿ.

ಸಂಧಿವಾತಕ್ಕೆ ಬೇಗ ಔಷಧ ಶುರುವಾದರೆ ಕೀಲು ಸೊಟ್ಟಗಾಗುವುದನ್ನು ಬಹಳಷ್ಟು ತಡೆಯಬಹುದು. ಬೈಲಹೊಂಗಲ, ಸವದತ್ತಿ, ರಾಮದುರ್ಗದಲ್ಲಿ ಸರ್ಕಾರಿ ತಾಲೂಕಾ ಆಸ್ಪತ್ರೆ ಇದೆ. ಎಲ್ಲಿಗೆ ಹೋಗಬೇಕೆಂದು ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಅಕ್ಕ ಬರೆದ ಚೀಟಿ

ನಮ್ಮ ಅಕ್ಕನ ಮಾತಿಗೆ ಬರೋಣ. ಓಣಿಯ ಹೊಲಿಗೆಯವಳು ಅಳತೆ ತಗೊಂಡಳು. "ಹೆಂಗ ಹೊಲೀಲಿ? ನೆನಪಿಗೆ ಒಂದು ಚೀಟಿ ಬರದು ಕೊಡ್ರಿ" ಎಂದಳು. ನಾವು ಬರೆಯಲು ಹೋದೆವು. ಅಕ್ಕ ಬೇಡ ಎಂದಳು. ಬಾತ ಬೆರಳಲ್ಲಿ ದಪ್ಪ ಪೆನ್ಸಿಲು ಹಿಡಿದಳು. ಬಹಳ ಹೊತ್ತು ಹಿಡಿಯಿತು. ನಾವು ಕಾಯ್ದೆವು. ಅವಳು ಬರೆದದ್ದು ಇದು:

ಮುಂದ ತೆರೀಬೇಕು.
ದೊಡ್ಡ ಗುಂಡಿ ಐದು.
ತೋಳು ಸಡಿಲ.
ಬಟ್ಟೆ ಮೆತ್ತಗ.

ಆ ವಾರ ಅಕ್ಕ ಹೊಸ ಜಂಪರ ತೊಟ್ಟು ಓದಲು ಬಂದಳು. ಯಾರ ಕೈಯಿಂದಲೂ ತೊಡಿಸಿಕೊಂಡಿರಲಿಲ್ಲ. ಐದನೆಯ ಗುಂಡಿ ಇನ್ನೂ ಬಿಚ್ಚಿತ್ತು. "ಅದನ್ನ ನಾಳೆ ಹಾಕ್ಕೋತೇನಿ" ಎಂದು ನಕ್ಕಳು.

ಕೂಡಿ ಮಾತಾಡೋಣ

1. ಅಕ್ಕ ಎಂಟು ದಿನ ಏಕೆ ಬರಲಿಲ್ಲ?
2. ನಿಮ್ಮ ಓಣಿಯಲ್ಲಿ ನೋವಿನಿಂದ ಹೊರಗೆ ಬರದವರು ಇದ್ದಾರೆಯೇ? ಅವರ ಮನೆಗೆ ಯಾವಾಗ ಹೋಗುತ್ತೀರಿ?
3. ನಿಮ್ಮ ಪರಕಾರದ ಲಾಡಿ ಎಷ್ಟು ಬೆರಳು ಅಗಲ ಇದೆ? ಅಳೆದು ನೋಡಿರಿ.

ಬರೆಯಿರಿ

ನಿಮ್ಮ ಮೈಗೆ ಹಿತವಾದ ಜಂಪರ ಹೇಗಿರಬೇಕು? ಅಕ್ಕನ ಹಾಗೆ ನಾಲ್ಕು ಸಾಲಿನ ಚೀಟಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ.