ಮೋಟಾರು ಗಾಡಿಯ ಟಯರು ಮತ್ತು ಅದರ ಪಾಲನೆ

ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಅನೇಕರ ತಂದೆಯವರು, ಚಿಕ್ಕಪ್ಪಂದಿರು, ಸೋದರಮಾವಂದಿರು ಈ ಮುಂಬಯಿ ನಗರದಲ್ಲಿ ಟ್ಯಾಕ್ಸಿ, ಟೆಂಪೊ ಮುಂತಾದ ಗಾಡಿಗಳನ್ನು ನಡೆಸಿ ಸಂಸಾರ ಸಾಗಿಸುತ್ತಿದ್ದಾರೆ. ಇನ್ನು ಕೆಲವರ ಮನೆಯಲ್ಲಿ ಸ್ವಂತದ ಸಣ್ಣ ಕಾರು ಇದ್ದು, ಮೇ ತಿಂಗಳ ರಜೆ ಬಂತೆಂದರೆ ಮನೆಮಂದಿಯೆಲ್ಲ ಅದರಲ್ಲಿ ಕುಳಿತು ಊರಿಗೆ ಹೊರಡುವುದುಂಟು. ಹೀಗಿದ್ದರೂ, ಆ ಗಾಡಿಯನ್ನು ಹೊತ್ತು ಓಡುವ ಟಯರಿನ ವಿಷಯವಾಗಿ ತರಗತಿಯಲ್ಲಿ ಕೇಳಿದಾಗ, "ಕಪ್ಪಗೆ, ದುಂಡಗೆ ಇರುತ್ತದೆ ಸರ್" ಎಂಬುದಕ್ಕಿಂತ ಹೆಚ್ಚಿನ ಉತ್ತರ ನಮಗೆ ದೊರೆಯಲಿಲ್ಲ. ನಾವೂ ಎಂಜಿನಿಯರರಲ್ಲ, ಕೆಲವು ವರ್ಷಗಳ ಹಿಂದೆ ನಾವು ಕೊಡಬಹುದಾಗಿದ್ದ ಉತ್ತರವೂ ಇಷ್ಟೇ. 2023ನೆಯ ಇಸವಿಯ ಮೇ ತಿಂಗಳಲ್ಲಿ ನಡೆದ ಒಂದು ಸಂಗತಿಯೇ ನಮ್ಮನ್ನು ಈ ಅಭ್ಯಾಸಕ್ಕೆ ಹಚ್ಚಿತು.

ಆ ದಿನ ನಾವು ಸಹೋದ್ಯೋಗಿ ಮಿತ್ರರೊಬ್ಬರ ಕಾರಿನಲ್ಲಿ ಅವರ ಸಂಸಾರದೊಡನೆ ಧಾರವಾಡಕ್ಕೆ ಹೊರಟಿದ್ದೆವು. ಹಿರಿಯರು ನಾಲ್ವರು, ಮಗುವೊಂದು. ಡಿಕ್ಕಿಯಲ್ಲಿ ಪೆಟ್ಟಿಗೆಗಳು, ಮೇಲಿನ ಕ್ಯಾರಿಯರಿನಲ್ಲಿ ಮಿತ್ರರ ತಂಗಿಗೆಂದು ಕೊಂಡೊಯ್ಯುತ್ತಿದ್ದ ಹೊಲಿಗೆಯ ಯಂತ್ರ. ದಾರಿಯ ಒಂದು ಪೆಟ್ರೋಲ್ ಪಂಪಿನಲ್ಲಿ ಗಾಳಿ ಹಿಡಿಯುವವನು, "ಬಿಸಿಲು ಜಾಸ್ತಿ, ದೂರದ ದಾರಿ, ಹವಾ ಸ್ವಲ್ಪ ಕಡಿಮೆ ಇಟ್ಟರೆ ಟಯರು ಸಿಡಿಯುವುದಿಲ್ಲ" ಎಂದು ಉಪದೇಶಿಸಿದನು. ಮಿತ್ರರಿಗೂ ಅದು ಸರಿಯೆನಿಸಿತು, ನಾವಂತೂ ತಲೆದೂಗಿದೆವು. 32 ಇದ್ದುದನ್ನು 26ಕ್ಕೆ ಇಳಿಸಲಾಯಿತು. ಸಾತಾರಾ ದಾಟಿ, ಕರಾಡವನ್ನೂ ದಾಟಿ ಮುಂದೆ ಹೋಗುತ್ತಿರುವಾಗ, ಮಧ್ಯಾಹ್ನದ ಎರಡು ಗಂಟೆಯ ಸುಮಾರಿಗೆ, ಕೋವಿ ಹಾರಿಸಿದಂತಹ ಒಂದು ಸದ್ದಾಯಿತು. ಹಿಂದಿನ ಎಡಗಡೆಯ ಟಯರು ಸಿಡಿದು ಗಾಡಿ ಹಾವಿನಂತೆ ಹೊಯ್ದಾಡಿತು. ಮಿತ್ರರು ಗಾಬರಿಯಿಂದ ಬ್ರೇಕನ್ನು ಒತ್ತಿಬಿಡದೆ, ಸ್ಟಿಯರಿಂಗನ್ನು ಎರಡೂ ಕೈಗಳಿಂದ ನೇರವಾಗಿ ಹಿಡಿದುಕೊಂಡುದರಿಂದ ಗಾಡಿ ತಾನಾಗಿಯೇ ನಿಧಾನವಾಗಿ ರಸ್ತೆಯ ಅಂಚಿಗೆ ಬಂದು ನಿಂತಿತು. ಹಿಂದಿನಿಂದ ಬರುತ್ತಿದ್ದ ಲಾರಿ ನಮ್ಮನ್ನು ಬಳಸಿಕೊಂಡು ಹೋದುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಬದಲಿ ಚಕ್ರವನ್ನು ತೆಗೆದು ನೋಡಿದರೆ ಅದರಲ್ಲಿಯೂ ಗಾಳಿ ಇಲ್ಲ! ಎರಡು ಗಂಟೆ ಬಿಸಿಲಿನಲ್ಲಿ ಕಾದ ಮೇಲೆ ಪಂಕ್ಚರ್ ತಿದ್ದುವವರೊಬ್ಬರು ಬಂದರು. ಹರಿದ ಟಯರನ್ನು ಒಮ್ಮೆ ತಿರುಗಿಸಿ ನೋಡಿ, ಅವರು ಕೇಳಿದ ಪ್ರಶ್ನೆಗಳು ಎರಡೇ: "ಇದಕ್ಕೆ ಒಂಬತ್ತು ವರ್ಷವಾಗಿದೆ, ನಿಮಗೆ ಗೊತ್ತೇ? ಗಾಳಿ ತೆಗೆದವರು ಯಾರು?"

ಈ ಎರಡು ಪ್ರಶ್ನೆಗಳ ಹಿಂದಿರುವ ಶಾಸ್ತ್ರವನ್ನೇ ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ಮೊದಲನೆಯದಾಗಿ, ಗಾಡಿಯ ಭಾರವನ್ನು ಹೊರುವುದು ಯಾವುದು? ರಬ್ಬರು ಎಂದು ನೀವು ಹೇಳುವಿರಿ. ಅದು ಸರಿಯಲ್ಲ. ರಬ್ಬರು ಕೇವಲ ಚೀಲ. ಭಾರವನ್ನು ಹೊರುವುದು ಅದರೊಳಗಿನ ಗಾಳಿ. ಒಂದು ಸಣ್ಣ ಕಾರು ಜನ, ಸಾಮಾನು ಎಲ್ಲ ಸೇರಿ 1,200 ಕಿಲೋಗ್ರಾಂ ತೂಗುತ್ತದೆಂದು ತಿಳಿಯೋಣ. ನಾಲ್ಕು ಚಕ್ರಗಳಿಗೆ ಸಮನಾಗಿ ಹಂಚಿದರೆ ಒಂದೊಂದರ ಪಾಲಿಗೆ 300 ಕಿಲೋಗ್ರಾಂ. ಗಾಳಿಯ ಒತ್ತಡವನ್ನು ಒಂದು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಅಳೆಯುವ ರೂಢಿಯಿದೆ. 32 ಪೌಂಡೆಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋಗ್ರಾಂ. 300ನ್ನು 2.25ರಿಂದ ಭಾಗಿಸಿರಿ, ಸುಮಾರು 133 ಚದರ ಸೆಂಟಿಮೀಟರು ಬರುತ್ತದೆ. ಒಂದು ಟಯರು ನೆಲವನ್ನು ಮುಟ್ಟುವ ಜಾಗ ಸ್ಥೂಲವಾಗಿ ಇಷ್ಟೇ. ಅಂಚೆಯ ಕಾರ್ಡು 14 ಸೆಂಟಿಮೀಟರು ಉದ್ದ, 9 ಸೆಂಟಿಮೀಟರು ಅಗಲ, ಎಂದರೆ 126 ಚದರ ಸೆಂಟಿಮೀಟರು. ಅಪ್ಪ, ಅಮ್ಮ, ಅಜ್ಜಿ, ನೀವು, ನಿಮ್ಮ ಪೆಟ್ಟಿಗೆಗಳು, ಇಷ್ಟನ್ನೂ ಹೊತ್ತ ಗಾಡಿ ಘಟ್ಟದ ತಿರುವಿನಲ್ಲಿ ರಸ್ತೆಯನ್ನು ಹಿಡಿದುಕೊಂಡಿರುವುದು ಹೆಚ್ಚುಕಡಿಮೆ ನಾಲ್ಕು ಅಂಚೆ ಕಾರ್ಡುಗಳಷ್ಟು ಜಾಗದಿಂದ ಮಾತ್ರ.

ಈಗ ಒತ್ತಡವನ್ನು 26ಕ್ಕೆ ಇಳಿಸೋಣ. ಭಾರ ಮೊದಲಿನಷ್ಟೇ ಇದೆ, ಒತ್ತಡ ಇಳಿಯಿತು. ಆದುದರಿಂದ ನೆಲ ಮುಟ್ಟುವ ಜಾಗ ಹಿಗ್ಗಲೇಬೇಕು. ಲೆಕ್ಕ ಹಾಕಿದರೆ ಸುಮಾರು 164 ಚದರ ಸೆಂಟಿಮೀಟರು ಆಗುತ್ತದೆ. "ಹಿಗ್ಗಿದರೆ ಹಿಡಿತ ಹೆಚ್ಚುವುದಲ್ಲವೇ?" ಎಂದು ಚುರುಕು ಬುದ್ಧಿಯವರು ಕೇಳಬಹುದು. ಆದರೆ ಜಾಗ ಹಿಗ್ಗಬೇಕಾದರೆ ಟಯರಿನ ಪಕ್ಕೆಗಳು ಬಾಗಿ ಕುಸಿಯಬೇಕು. ಅನರ್ಥವು ಅಲ್ಲಿಂದಲೇ ಮೊದಲಾಗುತ್ತದೆ.

ಒಂದು ತಂತಿಯ ತುಂಡನ್ನು ತೆಗೆದುಕೊಂಡು ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಹತ್ತಿಪ್ಪತ್ತು ಸಲ ಬಾಗಿಸಿ, ಬಾಗಿದ ಜಾಗವನ್ನು ತುಟಿಗೆ ಮುಟ್ಟಿಸಿ ನೋಡಿರಿ. ಅದು ಬಿಸಿಯಾಗಿರುತ್ತದೆ. ಇನ್ನೂ ಬಾಗಿಸಿದರೆ ಮುರಿಯುತ್ತದೆ. ಟಯರಿನ ಪಕ್ಕೆಯೂ ಹಾಗೆಯೇ. ಚಕ್ರದ ಪ್ರತಿಯೊಂದು ಸುತ್ತಿನಲ್ಲಿಯೂ ಅದರ ಪ್ರತಿಯೊಂದು ಭಾಗವು ನೆಲದ ಬಳಿಗೆ ಬಂದಾಗ ಬಾಗಿ, ಮೇಲೆ ಹೋದಾಗ ನೆಟ್ಟಗಾಗುತ್ತದೆ. ಹೀಗೆ ಎಷ್ಟು ಸಲ ಬಾಗುತ್ತದೆಂಬುದನ್ನು ತಿಳಿಯಲು ಟಯರಿನ ಮೈಮೇಲಿನ ಬರಹವನ್ನು ಓದಲು ಬರಬೇಕು.

ಸಣ್ಣ ಕಾರಿನ ಟಯರಿನ ಮೇಲೆ 165/80 ಆರ್ 14 85ಟಿ ಎಂಬಂತಹ ಬರಹ ಉಬ್ಬಕ್ಷರದಲ್ಲಿರುತ್ತದೆ. 165 ಎಂದರೆ ಟಯರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂದರೆ ಪಕ್ಕೆಯ ಎತ್ತರವು ಆ ಅಗಲದ ನೂರಕ್ಕೆ 80 ಪಾಲು, ಅಂದರೆ 132 ಮಿಲಿಮೀಟರು. 'ಆರ್' ಎಂಬುದು ಒಳಗಿನ ನೂಲುಗಳನ್ನು ರೇಡಿಯಲ್ ರೀತಿಯಲ್ಲಿ ಹೊಂದಿಸಿದುದನ್ನು ಸೂಚಿಸುತ್ತದೆ. 14 ಎಂಬುದು ರಿಮ್ಮಿನ ಅಡ್ಡಳತೆ, ಅಂಗುಲಗಳಲ್ಲಿ. (ಒಂದೇ ಬರಹದಲ್ಲಿ ಮಿಲಿಮೀಟರು, ಶೇಕಡಾ, ಅಂಗುಲ ಮೂರನ್ನೂ ಬೆರೆಸಿರುವುದು ವಿಚಿತ್ರವೇ ಸರಿ, ನೀವು ಪರೀಕ್ಷೆಯಲ್ಲಿ ಹೀಗೆ ಬರೆದರೆ ನಾವು ಅಂಕ ಕೊಡಲಾರೆವು.) 85 ಎಂಬುದು ಆ ಟಯರು 515 ಕಿಲೋಗ್ರಾಂವರೆಗೆ ಭಾರ ಹೊರಬಲ್ಲದೆಂಬುದರ ಸಂಕೇತ; 'ಟಿ' ಎಂಬುದು ಗಂಟೆಗೆ 190 ಕಿಲೋಮೀಟರು ವೇಗದ ಮಿತಿ. ಈ ಸಾಮರ್ಥ್ಯವೆಲ್ಲವೂ ಸರಿಯಾದ ಗಾಳಿ ಇದ್ದಾಗ ಮಾತ್ರ.

ಇನ್ನು ಲೆಕ್ಕಕ್ಕೆ ಬರೋಣ. 14 ಅಂಗುಲವೆಂದರೆ 355.6 ಮಿಲಿಮೀಟರು. ಅದಕ್ಕೆ ಮೇಲಿನ ಮತ್ತು ಕೆಳಗಿನ ಪಕ್ಕೆಗಳ 264 ಮಿಲಿಮೀಟರುಗಳನ್ನು ಕೂಡಿಸಿದರೆ ಇಡೀ ಚಕ್ರದ ವ್ಯಾಸ 619.6 ಮಿಲಿಮೀಟರು. ಪರಿಧಿಯು ಸುಮಾರು 1.95 ಮೀಟರು. ಒಂದು ಕಿಲೋಮೀಟರು ಸಾಗಲು ಚಕ್ರವು ಸುಮಾರು 514 ಸುತ್ತು ತಿರುಗಬೇಕು. ಗಂಟೆಗೆ 90 ಕಿಲೋಮೀಟರು ವೇಗದಲ್ಲಿ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 13 ಸುತ್ತು! ನೀವು "ಒಂದು" ಎಂದು ಎಣಿಸುವುದರೊಳಗೆ ಆ ಪಕ್ಕೆಯು 13 ಸಲ ಬಾಗಿ ಎದ್ದಿರುತ್ತದೆ. ಗಾಳಿ ಕಡಿಮೆಯಾದಷ್ಟೂ ಬಾಗು ಹೆಚ್ಚು, ಬಾಗು ಹೆಚ್ಚಿದಷ್ಟೂ ಶಾಖ ಹೆಚ್ಚು. ಆ ಶಾಖದಿಂದ ರಬ್ಬರು ಮತ್ತು ನೂಲುಗಳ ಬಂಧ ಸಡಿಲವಾಗಿ, ಕೊನೆಗೆ ಪದರಗಳು ಬೇರೆಯಾಗಿ ಟಯರು ಸಿಡಿಯುತ್ತದೆ. ಹೊರಗಿನ ಬಿಸಿಲು, ಮಿತಿಮೀರಿದ ಸಾಮಾನು, ವೇಗ ಇವು ಬೆಂಕಿಗೆ ತುಪ್ಪ ಸುರಿದಂತೆ. ಹೀಗಿರಲು, ಬೇಸಿಗೆಯಲ್ಲಿ ಸಿಡಿಯಬಾರದೆಂದು ಗಾಳಿ ಇಳಿಸುವುದು ಸಿಡಿತವನ್ನು ತಾವಾಗಿಯೇ ಕರೆದಂತೆ ಎಂಬುದು ಸ್ಪಷ್ಟ. ಈ ತಪ್ಪು ನಂಬಿಕೆ ಬಲ್ಲ ಚಾಲಕರಲ್ಲಿಯೂ ಇದೆ; ವಿದ್ಯಾವಂತರೆನಿಸಿಕೊಂಡ ನಮ್ಮಲ್ಲಿಯೂ ಇತ್ತು.

ಹಾಗಾದರೆ ಎಷ್ಟು ಗಾಳಿ ಇರಬೇಕು? ಅದನ್ನು ಟಯರನ್ನು ನೋಡಿ ಹೇಳುವಂತಿಲ್ಲ, ಗಾಡಿಯನ್ನು ನೋಡಿ ಹೇಳಬೇಕು. ಚಾಲಕರ ಬಾಗಿಲನ್ನು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಅನೇಕ ಗಾಡಿಗಳಲ್ಲಿ ಸಾಧಾರಣ ಭಾರಕ್ಕೆ ಒಂದು ಅಂಕಿ, ಪೂರ್ಣ ಭಾರಕ್ಕೆ ಅದಕ್ಕಿಂತ ಹೆಚ್ಚಿನ ಇನ್ನೊಂದು ಅಂಕಿ ಇರುತ್ತದೆ. ಊರಿಗೆ ಹೊರಡುವಾಗ ಈ ಎರಡನೆಯ ಅಂಕಿಯನ್ನೇ ಅನುಸರಿಸತಕ್ಕದ್ದು. ಟಯರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಒತ್ತಡವು ಅದು ತಾಳಬಲ್ಲ ಪರಮಾವಧಿಯೇ ಹೊರತು ತುಂಬಬೇಕಾದ ಅಳತೆಯಲ್ಲ. ಅಳೆಯುವುದು ಬೆಳಗಿನ ತಂಪಿನಲ್ಲಿ, ಗಾಡಿ ಮೂರು ಗಂಟೆಯಾದರೂ ನಿಂತಿರುವಾಗ. ಉಷ್ಣತೆ ಸುಮಾರು ಐದೂವರೆ ಸೆಲ್ಸಿಯಸ್ ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪೌಂಡು ಏರುತ್ತದೆ. ಆದುದರಿಂದ ಓಡಿ ಬಂದ ಟಯರಿನಲ್ಲಿ ನಾಲ್ಕೈದು ಪೌಂಡು ಹೆಚ್ಚು ತೋರುವುದು ಸಹಜವೇ. ಟಯರು ಮಾಡುವವರು ಇದನ್ನು ಎಣಿಸಿಯೇ ಮಾಡಿರುತ್ತಾರೆ. ಆ ಹೆಚ್ಚಳವನ್ನು ಕಂಡು ಹೆದರಿ ಗಾಳಿ ಬಿಡಕೂಡದು. ತೂತಿಲ್ಲದ ಟಯರಿನಲ್ಲಿಯೂ ತಿಂಗಳಿಗೆ ಒಂದೆರಡು ಪೌಂಡು ತಾನಾಗಿ ಸೋರುವುದರಿಂದ ಹದಿನೈದು ದಿನಕ್ಕೊಮ್ಮೆಯಾದರೂ ನೋಡಿಸುವುದು ಒಳ್ಳೆಯದು. ಕೆಲವು ಕಡೆ ಹಣ ತೆಗೆದುಕೊಂಡು ನೈಟ್ರೋಜನ್ ತುಂಬುತ್ತಾರೆ. ತುಂಬಿಸಿದರೆ ದೋಷವೇನಿಲ್ಲ; ಆದರೆ ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆಯೆಂದು ಏಳನೆಯ ತರಗತಿಯವರಿಗೂ ತಿಳಿದಿದೆ.

ಗಾಳಿಯ ಹೆಚ್ಚುಕಡಿಮೆಯನ್ನು ಟಯರು ತಾನೇ ತನ್ನ ಮೈಮೇಲೆ ಬರೆದುಕೊಳ್ಳುತ್ತದೆ. ಎರಡೂ ಅಂಚು ಸವೆದು ನಡುವೆ ಗೀರುಗಳು ಉಳಿದಿದ್ದರೆ ಗಾಳಿ ಬಹುಕಾಲ ಕಡಿಮೆಯಿತ್ತು. ನಡುವೆ ಮಾತ್ರ ಸವೆದಿದ್ದರೆ ಹೆಚ್ಚಿತ್ತು. ಒಂದೇ ಅಂಚು ಸವೆದಿದ್ದರೆ ಚಕ್ರ ಓರೆಯಾಗಿದೆ, ಅಲೈನ್‌ಮೆಂಟ್ ಮಾಡಿಸಬೇಕು. ಈಗಿನ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುವುದರಿಂದ ಮುಂದಿನವು ಬೇಗ ಸವೆಯುತ್ತವೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನವನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಹಾಕಿಸಿದರೆ ನಾಲ್ಕೂ ಸಮನಾಗಿ ಬಾಳುತ್ತವೆ.

ಗೀರುಗಳು ಇರುವುದು ಅಂದಕ್ಕಲ್ಲ. ಮುಂಬಯಿಯ ಮಳೆಯಲ್ಲಿ ರಸ್ತೆಯ ಮೇಲೆ ನಿಂತ ನೀರು ಈ ಕಾಲುವೆಗಳ ಮೂಲಕ ಹೊರಗೆ ಹೋಗಬೇಕು. ಗೀರು ಸವೆದು ಬೋಳಾಗಿದ್ದರೆ ನೀರು ಟಯರಿಗೂ ರಸ್ತೆಗೂ ನಡುವೆ ಸಿಕ್ಕಿ, ಗಾಡಿಯು ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗೂ ಬ್ರೇಕೂ ಇದ್ದೂ ಇಲ್ಲದಂತೆ. ಕಾರಿನ ಟಯರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಆಳವಿರಕೂಡದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರಿನ ದಿಣ್ಣೆಗಳಿರುತ್ತವೆ. ಸವೆತವು ಅವುಗಳ ಮಟ್ಟಕ್ಕೆ ಬಂದರೆ ಟಯರಿನ ಆಯುಸ್ಸು ತೀರಿತು. ಕಾನೂನು ಏನೇ ಇರಲಿ, 3 ಮಿಲಿಮೀಟರು ಆಗುತ್ತಲೇ ಮಳೆಗಾಲಕ್ಕೆ ಮುಂಚೆ ಬದಲಿಸುವುದು ಜಾಣತನವೆಂದು ನಮ್ಮ ಅಭಿಪ್ರಾಯ. ನಿಮ್ಮ ಕಂಪಾಸು ಪೆಟ್ಟಿಗೆಯ ಅಳತೆಪಟ್ಟಿಯಿಂದಲೇ ಇದನ್ನು ಅಳೆಯಬಹುದು. ಹೊಂಡದಲ್ಲಿ ಬಿದ್ದು ಪಕ್ಕೆಯಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆಯೆಂದು ತಿಳಿಯಿರಿ. ಅದಕ್ಕೆ ತೇಪೆಯಿಲ್ಲ.

ಆದರೆ ನಮ್ಮ ಮಿತ್ರರ ಟಯರಿನ ಗೀರುಗಳು ಚೆನ್ನಾಗಿಯೇ ಇದ್ದವು. ಗಾಡಿ ಹೆಚ್ಚು ಓಡಿರಲಿಲ್ಲ; ಚಾಳಿನ ಮುಂದೆ ಬಿಸಿಲಿನಲ್ಲಿ ನಿಂತಿದ್ದುದೇ ಹೆಚ್ಚು. ರಬ್ಬರು ಓಡದೆ ನಿಂತರೂ ಮುದಿಯಾಗುತ್ತದೆ, ಗಡುಸಾಗಿ ಬಿರಿಯುತ್ತದೆ. ಪಕ್ಕೆಯ ಮೇಲೆ ಡಿ.ಓ.ಟಿ. ಎಂಬ ಅಕ್ಷರಗಳಿಂದ ಮೊದಲಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ಟಯರಿನ ಜನ್ಮಪತ್ರಿಕೆ. ಆ ಟಯರಿನಲ್ಲಿ 2214 ಎಂದಿತ್ತು: 2014ನೆಯ ಇಸವಿಯ 22ನೆಯ ವಾರದಲ್ಲಿ ಮಾಡಿದ್ದು. ಈ ಅಂಕಿಗಳು ಕೆಲವು ವೇಳೆ ಒಳಮಗ್ಗುಲಲ್ಲಿ ಮಾತ್ರ ಇರುವುದುಂಟು. ಐದು ವರ್ಷವಾದ ಮೇಲೆ ಪ್ರತಿ ವರ್ಷವೂ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ನೋಡಲು ಹೇಗೇ ಇದ್ದರೂ ಹತ್ತು ವರ್ಷದ ಮೇಲೆ ಇಟ್ಟುಕೊಳ್ಳಕೂಡದು.

ಇನ್ನು ಬದಲಿ ಚಕ್ರದ ಮಾತು. ನಾವೆಲ್ಲರೂ ಅದನ್ನು ಸ್ಟೆಪ್ನಿ ಎನ್ನುತ್ತೇವೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಡೇವೀಸ್ ಸಹೋದರರು ಇಂತಹ ಚಕ್ರವನ್ನು ಮೊದಲು ಮಾಡಿ ಮಾರಿದುದರಿಂದ ಆ ಹೆಸರು ಬಂತು. ಒಂದು ಬೀದಿಯ ಹೆಸರು ಹಡಗು ಹತ್ತಿ ಬಂದು ನಮ್ಮ ಟ್ಯಾಕ್ಸಿಯವರ ಬಾಯಲ್ಲಿ ನಿಂತಿತು. ವಿಷಾದವೆಂದರೆ ಹೆಸರು ಮಾತ್ರ ಎಲ್ಲರಿಗೂ ನೆನಪಿದೆ, ಅದಕ್ಕೆ ಗಾಳಿ ಹಾಕಿಸುವುದು ಯಾರಿಗೂ ನೆನಪಿಲ್ಲ.

ಮತ್ತೊಂದು ಮಾತು, ಮುಖ್ಯವಾದುದು. ದಾರಿಯಲ್ಲಿ ಟಯರು ಸಿಡಿದು ಗಾಡಿ ನಿಂತರೆ ಮಕ್ಕಳು ರಸ್ತೆಯ ಕಡೆಯ ಬಾಗಿಲನ್ನು ತೆರೆಯಕೂಡದು. ಎಡಗಡೆಯಿಂದ ಇಳಿದು, ಅಂಚಿನ ತಡೆಯ ಆಚೆಗೆ, ಗಾಡಿಯಿಂದ ದೂರ ನಿಲ್ಲಬೇಕು. ನಾವು ಆ ದಿನ ಗಾಡಿಯ ಹಿಂದೆಯೇ ನಿಂತು ಹರಿದ ಟಯರನ್ನು ನೋಡುತ್ತಿದ್ದೆವು. ಪಂಕ್ಚರಿನವರು ಬಂದ ಕೂಡಲೇ ಮಾಡಿದ ಮೊದಲ ಕೆಲಸವೆಂದರೆ ಮಗುವಿನ ಕೈ ಹಿಡಿದು ನಮ್ಮನ್ನೆಲ್ಲ ಆಚೆಗೆ ಕಳಿಸಿದ್ದು.

ಈ ರಜೆಯಲ್ಲಿ ಮಾಡಿ ತರಬೇಕಾದ ಲೆಕ್ಕವಿದು. 185/65 ಆರ್ 15 ಎಂದು ಬರೆದ ಟಯರು ಒಂದು ಕಿಲೋಮೀಟರು ದೂರದಲ್ಲಿ ಎಷ್ಟು ಸುತ್ತು ತಿರುಗುತ್ತದೆ? ಜೊತೆಗೆ ನಿಮ್ಮ ಮನೆಯ ಅಥವಾ ನೆರೆಮನೆಯ ಒಂದು ನಿಂತ ಗಾಡಿಯ ಐದೂ ಟಯರುಗಳ ಜನ್ಮವರ್ಷವನ್ನು, ಯಜಮಾನರ ಅಪ್ಪಣೆ ಪಡೆದು, ಬರೆದುಕೊಂಡು ಬನ್ನಿ. ಗಾಡಿಯ ಕೆಳಗೆ ಮಾತ್ರ ತೂರಬೇಡಿ. ಐದನೆಯದರಲ್ಲಿ ಗಾಳಿ ಇಲ್ಲದಿದ್ದರೆ, ಶಾಲೆ ತೆರೆಯುವವರೆಗೆ ಕಾಯದೆ ಆ ದಿನವೇ ಅವರಿಗೆ ಹೇಳಿಬಿಡಿ.